ಕಾಫಿಗೆ ಒಂದೇ ದರ

"ಸೋಮವಾರದಿಂದ ನಾಲ್ಕೂ ಹೋಟೆಲಲ್ಲಿ ಕಾಫಿ ಹದಿನೈದು ರೂಪಾಯಿ. ಯಾರೂ ಮಾತು ತಪ್ಪೂಕಾಗ," ಎಂದು ಮಾಧವ ಐತಾಳರು ಮೇಜು ತಟ್ಟಿದರು. 2009ರ ಆ ಸೆಪ್ಟೆಂಬರಿನಲ್ಲಿ, ಚೆನ್ನೈ ಪೆರಂಬೂರಿನ ತಮ್ಮ ಹೋಟೆಲಿನ ಎಸಿ ರೂಮಿಗೆ ಅವರು ಕುಂದಾಪುರದ ಕಡೆಯವರೇ ಆದ ಹೊಳ್ಳರನ್ನೂ ಇನ್ನಿಬ್ಬರು ಮಾಲೀಕರನ್ನೂ ಕರೆಸಿದ್ದರು. ಒಪ್ಪಂದ ಗಟ್ಟಿಯಾಗಲು ಇನ್ನು ಕಾನೂನಿನ ಒಂದು ಒಳ್ಳೆ ಮಾತು ಬೇಕಿತ್ತು. ಅದಕ್ಕೆ ಮಗಳಿದ್ದಳು. "ನಮ್ಮ ಪ್ರಣಮ್ಯಾ ಎಲ್‌ಎಲ್‌ಎಂನಲ್ಲಿ ಓದೂದು ವ್ಯಾಪಾರದ ಪೈಪೋಟಿ ಕಾನೂನೇ. ಹೇಳ್ ಮಗಾ, ಇದ್ರಲ್ಲಿ ತಪ್ಪೆಂತ ಇತ್ತ್?"

ಪ್ರಣಮ್ಯಾಳ ಚಮಚ ಸಕ್ಕರೆಯಿಲ್ಲದ ಕಾಫಿಯನ್ನು ಆಗಿನಿಂದ ಸುಮ್ಮನೆ ಕದಡುತ್ತಲೇ ಇತ್ತು. ತಪ್ಪು ಎಂದರೆ ಎಲ್ಲರೆದುರು ಅಪ್ಪಯ್ಯನ ಮಾನ ಹೋಗುತ್ತದೆ. ಸರಿ ಎಂದರೆ ನಾಳೆ ನೋಟಿಸು ಅಪ್ಪಯ್ಯನ ಹೆಸರಿಗೇ ಬರಬಹುದು.

"ಹೆದ್ರೂದ್ ಬೇಡ ಅಪ್ಪಯ್ಯ," ಎಂದಳು. "ಈ ಮೇ ತಿಂಗಳಿಂದ ಹೊಸ ಕಾನೂನು ಬಂದಿತ್ತ್, ಒಟ್ಟು ಸೇರಿ ದರ ಕಟ್ಟಿದ್ರೆ ದೊಡ್ಡ ದಂಡ. ಆದ್ರೆ ನಾಲ್ವರಲ್ಲಿ ಯಾರು ಮೊದ್ಲು ದಿಲ್ಲಿಯ ಪೈಪೋಟಿ ಆಯೋಗಕ್ಕೆ ತಿಳಿಸ್ತ್ರೋ, ಅವ್ರಿಗೆ ಪೂರ್ತಿ ಮಾಫಿಯೂ ಸಿಕ್ಕತ್ತ್."

ಮದುವೆ, ಉಪನಯನ, ಕಡೆಗೆ ಅಡುಗೆಭಟ್ಟರನ್ನೂ ಹಂಚಿಕೊಂಡು ಬಂದಿದ್ದ ನಾಲ್ವರೂ ಒಬ್ಬರ ಮುಖವನ್ನೊಬ್ಬರು ಹೊಸದಾಗಿ ನೋಡಿದರು. ಹೊಳ್ಳರು ಮೇಜಿನ ಮೇಲಿದ್ದ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಎದ್ದರು.

"ಎಲ್ಲಿಗೆ ಹೊಳ್ರೇ, ಇಷ್ಟು ಗಡಿಬಿಡಿ?" ಮೂವರೂ ಒಟ್ಟಿಗೇ ಕೇಳಿದರು.

"ಉಚ್ಚೆ ಹೊಯ್ಯೂಕೆ ಮಾರಾಯ್ರೇ!"

"ಹಂಗಾರೆ ಮೊಬೈಲ್ ಇಲ್ಲೇ ಇಟ್ಟ್ ಹೋಯ್ನಿ," ಎಂದರು ಐತಾಳರು.

ಪ್ರಣಮ್ಯಾ ಚಮಚ ಕೆಳಗಿಟ್ಟಳು.