ಶಾಲಿನ ಮೇಲಿನ ಹಳದಿ

ಸೂಕ್ಷ್ಮಜೀವಿಗಳು ಜನರ ಬರಿಗಣ್ಣಿಗೇ ಕಾಣತೊಡಗಿ ಎಷ್ಟೋ ತಲೆಮಾರು ಕಳೆದಿದ್ದವು. "ಹಿಂದೆ ಪಾಶ್ಚರ್ ಅಂಥವರು ಇವನ್ನ ನೋಡಾಕ ಮಸೂರಕ್ಕ ಕಣ್ಣು ಹಚ್ಚಿ ಕೂಡತಿದ್ರು" ಎಂದು ಗದುಗಿನ ನೀಲಗಂಗಮ್ಮ ಟೀಚರ್ ಹೇಳಿದರೆ ಮಕ್ಕಳು ನಗುತ್ತಿದ್ದರು.

ಒಬ್ಬೊಬ್ಬರ ಮೈಮೇಲಿನ ಜೀವಿಗಳಿಗೆ ಒಂದೊಂದು ಬಣ್ಣ. ಟೀಚರ್ ಮೈಮೇಲಿನದು ತಿಳಿಹಸಿರು, ಗಂಡ ಚನ್ನವೀರಪ್ಪನವರದು ಅರಿಶಿನದಂಥ ಹಳದಿ. ಅವರು ಜ್ವರದಿಂದ ತೀರಿಕೊಂಡ ಮರುದಿನ, ಮನೆಯ ಬಟ್ಟೆಬರೆ ಕುದಿಸಲು ಆರೋಗ್ಯ ಇಲಾಖೆಯ ರೆಹಾನಾ ಬಂದಳು.

"ಟೀಚರ್, ಆ ಶಾಲೂ ಕೊಡ್ರಿ."

"ಇದೊಂದು ಇರಲಿ ಬಿಡವ್ವಾ. ಇದರಾಗ ಅವರ ಹಳದಿ ಅದ."

"ಹಳದಿ ಜೋಡಿ ಕೆಂಪೂ ಅದರಿ. ಅವರನ್ನ ಒಯ್ದದ್ದು ಆ ಕೆಂಪೇ. ನಿಮಗ ನಾ ಹೇಳಬೇಕೇನ್ರಿ?"

ಹೇಳಬೇಕಾಗಿರಲಿಲ್ಲ. ಕೆಂಪು ಕಂಡರೆ ಕುದಿಸಿರಿ ಎಂದು ಊರ ಮಕ್ಕಳಿಗೆಲ್ಲ ಕಲಿಸಿದವರೇ ಅವರು. ಶಾಲನ್ನು ತಮ್ಮ ಕೈಯಾರೆ ಹಂಡೆಯಲ್ಲಿ ಮುಳುಗಿಸಿದರು. ನೀರು ಕುದಿಯಿತು. ಕೆಂಪು ಹೋಯಿತು, ಅದರೊಂದಿಗೆ ಹಳದಿಯೂ ಹೋಯಿತು. ರೆಹಾನಾ ಮನೆಯನ್ನೆಲ್ಲ ಒರೆಸಿ ಹೊರಟಾಗ ಮಂಚ, ಗೋಡೆ, ಬಾಗಿಲ ಚಿಲಕ ಎಲ್ಲ ಬೋಳಾಗಿ ಹೊಳೆಯುತ್ತಿದ್ದವು, ಅಲ್ಲಿ ಯಾರೂ ಬಾಳಿಯೇ ಇಲ್ಲವೇನೋ ಎಂಬಂತೆ.

ಟೀಚರ್ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತರು. ಸಂಜೆಯಾಗುವಷ್ಟರಲ್ಲಿ ಬೆರಳ ಸಂದಿಯಿಂದ ಅವರ ಹಸಿರು ಮೆಲ್ಲಗೆ ಮರಳಿ ಬಂತು. ಅದರ ಅಂಚಿಗೆ ನೂಲಿನೆಳೆಯಷ್ಟು ಹಳದಿಯೂ ಇತ್ತು. ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡ ಋಣ ಅದು, ತೊಳೆದರೆ ಹೋಗುವಂಥದ್ದಲ್ಲ. ಟೀಚರ್ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ದೀಪ ಹಚ್ಚುವುದನ್ನೂ ಮರೆತು ಅಲ್ಲೇ ಕೂತರು.