ಹಡಗಿನ ಬೀಗ

ಬೀಗದ ಕೈ ತಿರುಗಿಸಿದ ಕೂಡಲೇ ಬೀಗ ಬಾಯಿಬಿಟ್ಟಿತು. ಮಗಳು ಒಳಗೆ ಬಂದು ಚಪ್ಪಲಿ ಕಳಚಿದಳು. ಚೀಲವನ್ನು ಬಾಗಿಲ ಹಿಂದಿನ ಕೊಕ್ಕೆಗೆ ಸಿಕ್ಕಿಸಿ, ನೀಲಿ ಮುಚ್ಚಳದ ಜಗ್ಗಿನಿಂದ ನೀರು ಬಗ್ಗಿಸಿಕೊಂಡು ಕುಡಿದಳು. ಕರೆಂಟು ಹೋಗಿತ್ತು. ಮುಸ್ಸಂಜೆಯ ಅರೆಬೆಳಕಿನಲ್ಲಿ ಹೂವಿನ ಚಿತ್ರದ ಪ್ಲಾಸ್ಟಿಕ್ ಚಾಪೆ, ಗೋಡೆಯ ದುಂಡು ಗಡಿಯಾರ, ಕೆಂಪು ಸ್ಟೂಲು ಎಲ್ಲವೂ ಇದ್ದಲ್ಲೇ ಇದ್ದವು.

"ಅಪ್ಪಾ, ಇವತ್ತು ನಿನ್ನ ಉಗುರು ತೆಗೆದೇ ಮಲಗೋದು. ನಾಳೆ ಅಂತ ಹೇಳಲ್ಲ."

"ಸದ್ದು ಮಾಡಬೇಡ ತಾಯಿ, ಈಗ ಕಣ್ಣು ಹತ್ತಿತ್ತು," ಎಂದಿತು ಒಳಕೋಣೆಯ ದನಿ. ಅದು ಹೆಂಗಸಿನ ದನಿ.

ಮಂಚದ ಮೇಲೆ ಒಬ್ಬ ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಿಟಕಿಯ ಪಕ್ಕ ತೂಗುತ್ತಿರಬೇಕಾಗಿದ್ದ ಅಪ್ಪನ ಕಬ್ಬಿಣ ತೀಡುವ ಅರ ಅಲ್ಲಿರಲಿಲ್ಲ. ಮಗಳಿಗೆ ಆಗ ಹೊಳೆಯಿತು, ಕತ್ತಲ ಮೆಟ್ಟಿಲು ಹತ್ತುವಾಗ ಒಂದು ಮಹಡಿ ಕೆಳಗೇ ನಿಂತುಬಿಟ್ಟಿದ್ದಳು. ಆದರೆ ಬೀಗ ತೆರೆದದ್ದು ಅವಳದೇ ಬೀಗದ ಕೈಯಿಂದ.

"ತಪ್ಪಾಯ್ತು ಅಜ್ಜಿ. ಮನೆ ತಪ್ಪಿ ಬಂದೆ."

"ಗೊತ್ತಾಯ್ತು ಬಿಡು. ನೀನು ನಿನ್ನೆಯವಳಲ್ಲ. ಅವಳು ಕೆಮ್ಮುತ್ತಿದ್ದಳು. ಬಂದಿದ್ದೀಯ, ಒಂದು ಲೋಟ ನೀರು ಕೊಟ್ಟು ಹೋಗು."

"ನಿಮ್ಮವರು ಯಾರೂ ಇಲ್ವಾ?"

"ಮಗಳಿದ್ದಾಳೆ. ಅವಳೂ ಬರ್ತಾಳೆ. ಬಂದವರಲ್ಲಿ ಅವಳು ಯಾರು ಅಂತ ಈಗೀಗ ತಿರುಗಿ ನೋಡೋದು ಬಿಟ್ಟಿದ್ದೀನಿ." ಮುದುಕಿ ಹೊರಳದೆಯೇ ಹೆಗಲ ಮೇಲಿಂದ ಕೈ ಹಿಂದಕ್ಕೆ ಚಾಚಿದಳು. ಮಗಳು ಆ ಕೈಗೆ ಲೋಟ ಕೊಟ್ಟು, ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಹೊರಗಿನಿಂದ ಬೀಗ ಹಾಕಿದಳು. ಬೀಗ ತಕರಾರಿಲ್ಲದೆ ಬಿದ್ದಿತು.

ಅಪ್ಪ ಬೀಗ ಮಾಡುತ್ತಿದ್ದವನು. ಹೊಸ ಬೀಗದ ಕೈಯನ್ನು ಗೋಡೆಗೆ ತೂಗಿಸಿದ ಬೀಗಗಳಿಗೆಲ್ಲ ಹಾಕಿ ನೋಡುವನು, ಒಂದು ತೆರೆದುಕೊಂಡರೂ ಹಲ್ಲುಗಳನ್ನು ಮತ್ತೆ ಅರದಿಂದ ತೀಡುವನು. ಕಣ್ಣು ಮಂಜಾದ ಮೇಲೆ ಆ ಹಲ್ಲುಗಳನ್ನು ಬಲಗೈ ಹೆಬ್ಬೆರಳಿನ ಉಗುರಿನಿಂದ ಗುರುತು ಹಿಡಿಯುತ್ತಿದ್ದ. ಅದೊಂದು ಉಗುರನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಆಮೇಲೆ ಸಮುದ್ರದಾಚೆಯ ದೇಶದ ಜೊತೆ ಸುಂಕವಿಲ್ಲದ ವ್ಯಾಪಾರದ ಒಪ್ಪಂದವಾಯಿತು. ಅಪ್ಪ ಕೊಳ್ಳುತ್ತಿದ್ದ ಕಬ್ಬಿಣಕ್ಕಿಂತ ಅಗ್ಗದ ಬೀಗಗಳು ಹಡಗಿನಲ್ಲಿ ಬಂದವು. ಅಪ್ಪನ ಪುಟ್ಟ ಬೀಗದ ಕಾರ್ಖಾನೆಗೇ ಬೀಗ ಬಿತ್ತು. ಮಗಳು ಬೀಗದಿಂದ ಹಿಡಿದು ಚಾಪೆ, ಗಡಿಯಾರ, ಸ್ಟೂಲಿನವರೆಗೆ ಎಲ್ಲ ಮಾರುವ ಹಡಗಿನ ಸಾಮಾನಿನ ಅಂಗಡಿಗೆ ಕೆಲಸಕ್ಕೆ ಸೇರಿದಳು. "ಈ ಬೆಲೆಗೆ ಕೊಟ್ಟರೆ ಕಳ್ಳನೂ ಕದಿಯೋದು ಬಿಟ್ಟು ಕೊಂಡುಕೊಳ್ತಾನೆ," ಎಂದು ಅಂಗಡಿಯವನು ನಗುತ್ತಿದ್ದ. ಮನೆಯ ಹಳೆಯ ಬೀಗ ತುಕ್ಕು ಹಿಡಿದು ಬಿಗಿದುಕೊಂಡಾಗ ಅವಳೂ ಆ ಅಗ್ಗದ ಬೀಗಗಳಲ್ಲಿ ಒಂದನ್ನು ತಂದಳು. ಕಣ್ಣು ಕಾಣದ ಅಪ್ಪ ಮೆಟ್ಟಿಲಲ್ಲಿ ಎಡವಿ ಬೀಳಬಾರದೆಂದು, ಯಾರೂ ಒಳಗೆ ನುಗ್ಗಬಾರದೆಂದು, ದಿನವೂ ಅದನ್ನೇ ಹೊರಗಿನಿಂದ ಹಾಕಿ ಹೋಗುತ್ತಿದ್ದಳು. ಅದು ಹಡಗಿನ ಬೀಗ ಎಂದು ಅಪ್ಪನಿಗೆ ಹೇಳಿರಲಿಲ್ಲ.

ಈಗ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಅರ್ಧದಲ್ಲಿ ಯಾರೋ ಹೆಂಗಸು ಗೋಡೆಗೆ ಒತ್ತಿಕೊಂಡೇ ಕೆಳಗಿಳಿದು ಬಂದಳು. ಅವಳ ಮುಷ್ಟಿಯಲ್ಲೂ ಒಂದು ಬೀಗದ ಕೈ ಇತ್ತು. ಕತ್ತಲಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ದಾಟಿದರು.

ತಮ್ಮ ಬಾಗಿಲಿನ ಬೀಗ ಹಾಕಿದಂತೆಯೇ ಇತ್ತು. ಅವಳಿಗೆ ಹೋದ ಜೀವ ಬಂದಂತಾಯಿತು. ತೆರೆದು ಒಳಗೆ ಹೋದಳು. ಅಪ್ಪ ಹೂವಿನ ಚಾಪೆಯ ಮೇಲೆ ಕಾಲು ಮಡಚಿ ಕುಳಿತಿದ್ದ. ಅವನ ಮುಂದೆ ಹರಡಿದ ಕಾಗದದ ಮೇಲೆ ಉಗುರಿನ ಚೂರುಗಳ ಪುಟ್ಟ ಗುಡ್ಡೆ ಇತ್ತು.

"ಏನು ಮರೆತು ಹೋಗಿದ್ದೆ ಮಗಳೇ?"

"ಅಪ್ಪಾ, ಯಾರು ಬಂದಿದ್ದರು?"

"ಒಳ್ಳೆ ಕಥೆ ನಿಂದು. ಬಾಯಿಗೆ ಬೀಗ ಹಾಕಿಕೊಂಡು ಇಷ್ಟು ಹೊತ್ತು ನನ್ನ ಕೈ ಹಿಡಿದು ಕೂತಿದ್ದವಳು ನೀನಲ್ವೇನೇ? ಚೆನ್ನಾಗೇ ತೆಗೆದೆ, ಒಂದು ಚೂರೂ ನೋವಾಗಲಿಲ್ಲ." ಅಪ್ಪ ಬಲಗೈ ಎತ್ತಿ ತೋರಿಸಿದ. ಹೆಬ್ಬೆರಳು ಬೋಳಾಗಿತ್ತು. "ಇದೊಂದು ಬೇಡ ಬೇಡ ಅಂದೆ. ನೀನು ಕೇಳಲೇ ಇಲ್ಲ."

ಮಗಳು ಬಾಗಿಲ ಚಿಲಕ ಹಾಕಿ ಅದಕ್ಕೇ ಒರಗಿ ನಿಂತಳು. ಕೈಯಲ್ಲಿದ್ದ ಬೀಗದ ಕೈ ಚಿಲಕಕ್ಕೆ ತಗುಲಿ ಕಿಣಿಕಿಣಿ ಅಂದಿತು. ಸದ್ದು ಬಂದ ಕಡೆಗೆ ಅಪ್ಪ ಕೈ ಚಾಚಿದ. ಅದನ್ನು ಇಸಿದುಕೊಂಡು, ಉಗುರಿಲ್ಲದ ಹೆಬ್ಬೆರಳನ್ನು ಅದರ ಹಲ್ಲುಗಳ ಮೇಲೆ ಒಮ್ಮೆ ಆಡಿಸಿದ. ತಲೆ ಓರೆ ಮಾಡಿ ಮತ್ತೊಮ್ಮೆ ಆಡಿಸಿದ.

"ಇದು ನಮ್ಮ ಮನೆಯದ್ದೇ ತಾನೇ ಮಗಳೇ?"