ಮೂರು ಡಬ್ಬಿಯ ಕಾವಲು

"ಆ ಫೋನು ಯಾವ ಕೋಣೇಲಿದೆ ಅಂತ ನನಗೆ ಆ ಕ್ಷಣಕ್ಕೇ ಗೊತ್ತಾಗ್ಬೇಕು," ಎಂದ, ಕಿಬಿರಿಗೆ ಎಂಬ ಹೆಸರಿನ ಆ ಮನೆಯಾತ. "ಅರ್ಧ ನಿಮಿಷ ತಡವಾದ್ರೂ ಪ್ರಯೋಜನ ಇಲ್ಲ."

ಏಣಿಯ ಮೇಲಿದ್ದ ನಸ್ಸೂನಳ ಡ್ರಿಲ್ ನಿಂತಿತು. ಕಂಪಾಲಾದ ಗುಡ್ಡಗಳಲ್ಲಿ ಒಂಬತ್ತು ವರ್ಷದಿಂದ ಮನೆಮನೆಗೆ ವೈಫೈ ಹಾಕುತ್ತ ಬಂದವಳು ಅವಳು. ಸಿನಿಮಾ ನಿಂತು ಹೋಗುತ್ತದೆ, ಮಾತು ತುಂಡಾಗುತ್ತದೆ ಎಂದು ಗೋಳಾಡುವವರನ್ನು ಬೇಕಾದಷ್ಟು ಕಂಡಿದ್ದಳು. ಮನೆಯೊಳಗಿನ ಒಂದು ಫೋನನ್ನು ಕಾಯಲು ಮೂರು ವೈಫೈ ಡಬ್ಬಿ ಹಾಕಿಸುವ ಮಹಾನುಭಾವನನ್ನು ಕಂಡದ್ದು ಇದೇ ಮೊದಲು.

"ಯಾರ ಫೋನು, ಸೆಬೊ?" ಗಿರಾಕಿಗಳನ್ನೆಲ್ಲ ಅವಳು ಸ್ವಾಮಿ ಎಂಬರ್ಥದಲ್ಲಿ ಹೀಗೇ ಕರೆಯುತ್ತಿದ್ದಳು.

"ನಿನ್ನದಂತೂ ಅಲ್ಲ. ಕೈ ಓಡಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಎಂದುಕೊಂಡು ಅವಳು ಗೋಡೆ ಕೊರೆದಳು.

ಉದ್ದದ ಮನೆ. ನಡುವೆ ಒಂದೇ ಓಣಿ. ಮುಂದಿನ ಕೋಣೆಯಲ್ಲಿ ಕಿಬಿರಿಗೆ ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರೇಡಿಯೊ ಕಾರ್ಯಕ್ರಮ ಜೋಡಿಸುತ್ತಾನೆ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಬಚ್ಚಲು ಎರಡರ ನಡುವೆ. ಮುಂದೊಂದು, ನಡುವೊಂದು, ಹಿಂದೊಂದು ಡಬ್ಬಿ. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನಡೆದಂತೆಲ್ಲ ಫೋನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಕೈ ಬದಲಾಗುತ್ತದೆ, ಕೇಳುತ್ತಿರುವ ಹಾಡು ಕೂಡ ಕಡಿಯುವುದಿಲ್ಲ. ಈಗ ಯಾವ ಡಬ್ಬಿಯ ಹಿಡಿತದಲ್ಲಿದೆ ಎಂಬುದು ಕಿಬಿರಿಗೆಯ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ.

"ಮೊದಲು ಬಂದವನು ತನ್ನ ಮೂರೂ ಡಬ್ಬಿಯ ಬಲ ಪೂರ್ತಿ ಏರಿಸಿಟ್ಟು ಹೋದ, ಅದಕ್ಕೇ ಅವನ್ನ ಕಿತ್ತು ಹಾಕಿಸಿದೆ," ಎಂದು ಅವನು ಕೆಳಗಿನಿಂದ ಗೊಣಗಿದ. "ಫೋನು ಓಣಿಗೆ ಬಂದಿದ್ರೂ ಹಿಂದಿನ ಡಬ್ಬಿಯನ್ನೇ ಕಚ್ಕೊಂಡಿತ್ತು. ಕೂದಲೆಳೆ ಅಂತರದಲ್ಲಿ ತಪ್ಪಿತು."

"ಏನು ತಪ್ಪಿತು?"

"ನಿನ್ನ ನಾಲಿಗೆಗೂ ಒಂದು ಸ್ವಿಚ್ ಇದ್ದಿದ್ರೆ ಚೆನ್ನಾಗಿತ್ತು."

"ನಿಮ್ಮ ಅನುಮಾನಕ್ಕೂ ಒಂದು ಇರ್ಬೇಕಿತ್ತು, ಸೆಬೊ."

ಅವನು ಏಣಿ ಬಿಟ್ಟು ದಡದಡ ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೋಗುವ ಮುನ್ನ, ಫೋನು ಹಿಂದಿನ ಕೋಣೆಯ ಹೊಸಿಲ ಮೇಲೆ ಇರುತ್ತದೆ, ಪರೀಕ್ಷೆ ಮಾಡಿ ಅಲ್ಲಿಯೇ ಇಡು ಎಂದು ಹೇಳಿದ. ಆ ಬಾಗಿಲ ಕಡೆ ಅಪ್ಪಿತಪ್ಪಿಯೂ ಕಣ್ಣು ಹಾಯಿಸಲಿಲ್ಲ.

ಫೋನಿನ ಹೆಸರು ತೆರೆಯ ಮೇಲೆ ಮೂಡಿತು: ನಾಂಟೇಜಾಳ ಫೋನು. ಓಣಿಯ ಗೋಡೆಯಲ್ಲಿ ಮದುವೆಯ ಪಟವಿತ್ತು. ಅದರಲ್ಲಿ ಕಿಬಿರಿಗೆಯ ಪಕ್ಕ ನಗುತ್ತಿದ್ದ ಹುಡುಗಿಯ ಕೆಳಗೂ ಅದೇ ಹೆಸರು. ಬೆಳ್ಳಗಿರುವುದೆಲ್ಲ ಹಾಲಲ್ಲ.

"ಅವರು ಎಲ್ಲಿದ್ದಾರೆ?" ಬಾಗಿಲ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು. ಗಂಟಲು ಕಟ್ಟಿತ್ತು.

"ಮುಂದಿನ ಕೋಣೇಲಿ."

"ಬಾಗಿಲು ಹಾಕಿದೆಯಾ? ಸರಿಯಾಗಿ ನೋಡು. ನಾನು ಅವರ ಕಣ್ಣಿಗೆ ಬೀಳಬಾರದು."

"ಈ ಫೋನನ್ನ ಯಾವಾಗ್ಲೂ ಜೊತೇಲೇ ಇಟ್ಕೊಂಡಿರ್ಬೇಕಾ?"

"ಸೊಂಟಕ್ಕೇ ಕಟ್ಕೊಂಡಿರ್ತೀನಿ. ಮಲಗಿದಾಗ್ಲೂ. ಮರೆತ್ರೆ ನನ್ನ ಗತಿ ಏನು ಹೇಳು."

ನಸ್ಸೂನಳ ಮೈ ಉರಿಯಿತು. ಅವಳ ಅಕ್ಕನ ಗಂಡನೂ ಹೀಗೆಯೇ ಶುರು ಮಾಡಿದ್ದ. ಮೊದಲು ಫೋನು, ಆಮೇಲೆ ಬೀಗ, ಆಮೇಲೆ ಕೈ. ಅಕ್ಕನಿಗೆ ಇಂದಿಗೂ ಎಡಗಿವಿ ಕೇಳಿಸುವುದಿಲ್ಲ. ಆಗ ಸುಮ್ಮನಿದ್ದ ಪಾಪ ನಸ್ಸೂನಳನ್ನು ತಿನ್ನುತ್ತಲೇ ಇತ್ತು. ಇನ್ನೊಬ್ಬಳ ಕುತ್ತಿಗೆಗೆ ಹಗ್ಗವನ್ನು ತಾನೇ ಹೊಸೆದು ಕೊಡುವುದೆ?

ಅವಳು ಹಿಂದಿನ ಡಬ್ಬಿಯ ಬಲವನ್ನು ಪೂರ್ತಿ ಏರಿಸಿದಳು. ಉಳಿದೆರಡನ್ನು ಉಸಿರಾಡುವಷ್ಟಕ್ಕೆ ಇಳಿಸಿದಳು. ಫೋನು ಹಿಡಿದು ಓಣಿಯ ತುದಿಯವರೆಗೂ ನಡೆದು ನೋಡಿದಳು. ತೆರೆ 'ಹಿಂಬದಿ' ಎಂದೇ ತೋರಿಸುತ್ತಿತ್ತು. ಇನ್ನು ಆ ಹೆಂಗಸು ಗೇಟು ದಾಟಿದರೂ ಗಂಡನ ಲೆಕ್ಕದಲ್ಲಿ ಕೋಣೆಯೊಳಗೇ ಇರುತ್ತಾಳೆ. ಗೇಟಿನಾಚೆ ನಸ್ಸೂನಳ ಬೈಕು ನಿಂತಿತ್ತು; ಹಿಂದೆ ಕೂರಿಸಿಕೊಂಡು, ಗಂಡನನ್ನು ಬಿಟ್ಟು ಬಂದ ಅಕ್ಕನ ಮನೆ ಸೇರಿಸುವುದು ಹತ್ತು ನಿಮಿಷದ ಕೆಲಸ.

"ಎಲ್ಲ ಸರಿಹೋಯ್ತು, ಸೆಬೊ," ಎಂದು ಮುಂದಿನ ಬಾಗಿಲಿಗೆ ಕೂಗಿ ಹೇಳಿ, ಫೋನನ್ನು ಹೊಸಿಲ ಮೇಲಿಟ್ಟು ಹಿಂದಿನ ಬಾಗಿಲು ತಟ್ಟಿದಳು. "ದಾರಿ ಖಾಲಿ ಇದೆ ಅಕ್ಕಾ. ಬೇಗ ಬನ್ನಿ."

"ನಿಜವಾಗ್ಲೂ ಖಾಲಿ ಇದೆಯಾ? ಬೆಳಿಗ್ಗೆಯಿಂದ ತಡ್ಕೊಂಡು ಕೂತಿದೀನಿ."

"ನನ್ನ ಮೇಲೆ ನಂಬಿಕೆ ಇಡಿ."

ಚಿಲಕ ಸರಿಯಿತು. ಅದೇ ಹೊತ್ತಿಗೆ ಮುಂದಿನ ಬಾಗಿಲೂ ತೆರೆಯಿತು. "ಹಿಂದೆಯೇ ಇದೆ, ಒಳ್ಳೇದು," ಎಂದುಕೊಳ್ಳುತ್ತ ಕಿಬಿರಿಗೆ ನೀರಿನ ಜಗ್ಗು ಹಿಡಿದು ಓಣಿಗೆ ಬಂದ. ತಲೆ ಎತ್ತಿದಾಗ ಅವನಿಗೂ ಹೊರಗೆ ಬಂದವರಿಗೂ ನಡುವೆ ನಾಲ್ಕು ಹೆಜ್ಜೆ ದೂರ.

ನಸ್ಸೂನ ಸುತ್ತಿಗೆ ಎತ್ತಿ ಅಡ್ಡ ನಿಂತಳು. "ಮುಂದೆ ಬಂದ್ರೆ ತಲೆ ಒಡೀತೀನಿ."

ಅವನು ಮುಂದೆ ಬರಲಿಲ್ಲ. ಜಗ್ಗು ಕೈಜಾರಿ ಬಿತ್ತು. ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಅಲ್ಲಿಯೇ ಕುಸಿದ. ನಸ್ಸೂನ ಹಿಂತಿರುಗಿ ನೋಡಿದಳು. ಎಪ್ಪತ್ತು ದಾಟಿದ ಮುದುಕಿ, ಕುತ್ತಿಗೆಗೆ ಆಸ್ಪತ್ರೆಯ ಪಟ್ಟಿ ಸುತ್ತಿದ್ದವಳು, ಹೊದಿಕೆಯಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಕುಳಿತಿದ್ದಳು.

ಸುತ್ತಿಗೆ ತಾನಾಗಿ ಕೆಳಗಿಳಿಯಿತು. ಹೀಗೆ ಮುಖ ಮುಚ್ಚಿಕೊಳ್ಳುವುದನ್ನು ನಸ್ಸೂನ ಚಿಕ್ಕಂದಿನಲ್ಲೇ ಕಂಡಿದ್ದಳು. ಅಮ್ಮನ ತಾಯಿ ದಾರಿಯಲ್ಲಿ ಬರುವುದು ಕಂಡರೆ ಅವಳ ಅಪ್ಪ ಬಾಳೆತೋಟಕ್ಕೆ ಹಾರಿಬಿಡುತ್ತಿದ್ದ. ಅತ್ತೆ ಅಳಿಯ ಎದುರಾಬದುರಾದರೆ ಇಬ್ಬರಿಗೂ ಸಾಯುವ ತನಕ ಕೈನಡುಕ ಬಿಡದೆಂದು ಊರಿಗೆ ಊರೇ ನಂಬಿತ್ತು.

"ತನ್ನ ಹಳೇ ಫೋನು ಕೊಟ್ಟು ಹೋಗಿದ್ಲು ನಾಂಟೇಜಾ, ಅವಳು ಕೆಲಸದಿಂದ ಬಂದ ಮೇಲೆ ಏನಂತ ಹೇಳ್ಲಿ?" ಎಂದು ಕಿಬಿರಿಗೆ, ನಡುಗುತ್ತಿದ್ದ ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡು, ಗೋಡೆಯ ಕಡೆಗೇ ಹೇಳಿದ. "ಅವಳ ತಾಯಿಯ ಮುಖ ನೋಡಿಬಿಟ್ಟೆ."